ಮಾತು ಬಿಟ್ಟ ಹುಡುಗಿಯ ಧೀರತನ

ಬಿ.ಎ. ತರಗತಿಯಲ್ಲಿ ಕಾವ್ಯಮೀಮಾಂಸೆ ಓದಿದ ನನ್ನ ಓರಗೆಯವರಿಗೆ ನಾಯಕರ ಪಟ್ಟಿ ಇಂದಿಗೂ ಬಾಯಿಗೆ ಬಂದೀತು: ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ. ನಾಲ್ವರ ಹೆಸರಿನಲ್ಲೂ ಧೀರ ಎಂಬ ಮಾತಿದೆ. ನಾಯಕಿಯರ ಪಟ್ಟಿ ಇದಕ್ಕಿಂತ ಉದ್ದ. ಅವರು ಎಂಟು ಮಂದಿ. ಒಬ್ಬಳು ಅಲಂಕರಿಸಿಕೊಂಡು ಪ್ರಿಯನಿಗಾಗಿ ಕಾದವಳು, ಒಬ್ಬಳು ಅವನಿಂದ ವಂಚಿತಳಾದವಳು, ಒಬ್ಬಳು ಜಗಳವಾಡಿ ಆಮೇಲೆ ಪರಿತಪಿಸುವವಳು, ಇನ್ನೊಬ್ಬಳು ಅವನನ್ನರಸಿ ಕತ್ತಲಲ್ಲಿ ಹೊರಟವಳು. ಎಂಟು ಜನರನ್ನೂ ವಿಂಗಡಿಸಿರುವುದು ಅವರಿಗೂ ಒಬ್ಬ ಗಂಡಸಿಗೂ ಇರುವ ಸಂಬಂಧದ ಲೆಕ್ಕದಲ್ಲಿ. ಬೇರೊಂದು ವಿಂಗಡಣೆಯಲ್ಲಿ ‘ಧೀರಾ’ ಎಂಬ ನಾಯಿಕೆ ಬರುತ್ತಾಳೆ ನಿಜ. ಆದರೆ ಅದೂ, ತಪ್ಪು ಮಾಡಿ ಬಂದ ಪ್ರಿಯನ ಮೇಲಿನ ಸಿಟ್ಟನ್ನು ಆಕೆ ಹೇಗೆ ತೋರಿಸುತ್ತಾಳೆ ಎಂಬುದಕ್ಕೆ ಇಟ್ಟ ಹೆಸರು.

ಈ ಪಟ್ಟಿಗಳಲ್ಲಿ ಮಗುವಿಗೆ ಜಾಗವಿಲ್ಲ. ಅದರಲ್ಲೂ ದೊಡ್ಡವರಿಂದ ಮೈಮನಸ್ಸು ಎರಡೂ ಗಾಯಗೊಂಡ ಮಗುವಿಗೆ ಸಾಹಿತ್ಯ ಬಹುಕಾಲ ಹೆಸರನ್ನೇ ಇಟ್ಟಿರಲಿಲ್ಲ. ಇಂದಿನ ಪತ್ರಿಕೆಗಳು ‘ಸಂತ್ರಸ್ತೆ’ ಎನ್ನುತ್ತವೆ, ‘ನೊಂದ ಬಾಲಕಿ’ ಎನ್ನುತ್ತವೆ. ಎರಡೂ ಮಾತುಗಳು ಆಕೆಗೆ ಏನಾಯಿತು ಎಂಬುದನ್ನು ಹೇಳುತ್ತವೆ. ಆಕೆ ಏನು ಮಾಡಿದಳು ಎಂಬುದನ್ನು ಹೇಳುವುದಿಲ್ಲ. ಹಾಗೆ ನೊಂದು, ಪಾರಾಗಿ, ಬದುಕಿ ನಿಂತ ಹೆಣ್ಣನ್ನು ‘ನಾಯಕಿ’ ಎಂದು ಕರೆಯಬಹುದೇ? ಕರೆಯಬಹುದು ಎಂದು ನನಗೆ ಮನವರಿಕೆಯಾದದ್ದು ಅಮೆರಿಕದ ಕಪ್ಪು ಲೇಖಕಿ ಮಾಯಾ ಏಂಜೆಲೋ ಅವರ ಆತ್ಮಕಥೆಯ ಮೊದಲ ಸಂಪುಟವನ್ನು ಓದಿದಾಗ. 1969ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ‘ಐ ನೋ ವೈ ದಿ ಕೇಜ್ಡ್ ಬರ್ಡ್ ಸಿಂಗ್ಸ್’. ಪಂಜರದ ಹಕ್ಕಿ ಏಕೆ ಹಾಡುತ್ತದೆಂದು ತಾನು ಬಲ್ಲೆ ಎಂಬುದು ಅದರ ಅರ್ಥ.

ಲೇಖಕಿ ಹುಟ್ಟಿದ್ದು 1928ರಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ. ತಂದೆತಾಯಿ ಬೇರೆಯಾದಾಗ ಮೂರು ವರ್ಷದ ಆಕೆಯನ್ನೂ ಒಂದು ವರ್ಷ ದೊಡ್ಡವನಾದ ಅಣ್ಣ ಬೇಯ್ಲಿಯನ್ನೂ ರೈಲು ಹತ್ತಿಸಿ, ಅರ್ಕಾನ್ಸಾಸ್ ರಾಜ್ಯದ ಸ್ಟ್ಯಾಂಪ್ಸ್ ಎಂಬ ಸಣ್ಣ ಊರಿಗೆ ಅಜ್ಜಿಯ ಬಳಿಗೆ ಕಳಿಸಿದರು. ಅಪ್ಪನ ತಾಯಿಯಾದ ಆ ಅಜ್ಜಿಗೆ ಒಂದು ದಿನಸಿ ಅಂಗಡಿ ಇತ್ತು. ದೇವರು, ದುಡಿಮೆ, ಶುಚಿ ಈ ಮೂರರ ಮೇಲೆ ನಿಂತ ಮನೆ ಅದು. ನಾಲ್ಕಾರು ವರ್ಷಗಳ ಮೇಲೆ ಮಕ್ಕಳು ಮತ್ತೆ ಸೇಂಟ್ ಲೂಯಿಸ್‌ನಲ್ಲಿದ್ದ ತಾಯಿಯ ಮನೆ ಸೇರಿದರು. ಅಲ್ಲಿ ತಾಯಿಯ ಜೊತೆ ಇದ್ದ ಗಂಡಸು ಎಂಟು ವರ್ಷದ ಈ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ. ಪುಸ್ತಕದಲ್ಲಿ ಅವನ ಹೆಸರು ಮಿಸ್ಟರ್ ಫ್ರೀಮನ್, ಅಂದರೆ ಸ್ವತಂತ್ರ ಮನುಷ್ಯ. ಬಾಯಿಬಿಟ್ಟರೆ ನಿನ್ನ ಅಣ್ಣನನ್ನು ಕೊಲ್ಲುತ್ತೇನೆ ಎಂದು ಅವನು ಹೆದರಿಸಿದ್ದ.

ಇಂಥ ವಸ್ತುವನ್ನು ಬರೆಯುವವರಿಗೆ ಎರಡು ದಾರಿಗಳು ಸುಲಭ. ಒಂದು, ತಪ್ಪು ಮಾಡಿದವನನ್ನು ರಾಕ್ಷಸನನ್ನಾಗಿ ಚಿತ್ರಿಸುವುದು. ಇನ್ನೊಂದು, ಮಗುವನ್ನು ಮಂಜಿನ ಹನಿಯಂತೆ ಏನೂ ಅರಿಯದ ಮುಗ್ಧೆಯನ್ನಾಗಿ ಚಿತ್ರಿಸುವುದು. ಏಂಜೆಲೋ ಎರಡನ್ನೂ ಮಾಡುವುದಿಲ್ಲ. ಫ್ರೀಮನ್ ಸಂಜೆಯ ಹೊತ್ತು ಮಾತಿಲ್ಲದೆ ಕುಳಿತು ತಾಯಿ ಮನೆಗೆ ಬರುವುದನ್ನೇ ಕಾಯುವ ಮನುಷ್ಯ. ಹುಡುಗಿಗೆ ಅವನನ್ನು ಕಂಡರೆ ಅಯ್ಯೋ ಎನಿಸುತ್ತದೆ. ಅವನು ಮೊದಲ ಸಲ ತಬ್ಬಿಕೊಂಡಾಗ, ಅಪ್ಪನ ಮಡಿಲು ಕಾಣದ ಆ ಮಗುವಿಗೆ ತನ್ನವರೊಬ್ಬರು ಸಿಕ್ಕಂತಾಯಿತು. ಈ ಮಾತನ್ನು ಲೇಖಕಿ ಮುಚ್ಚಿಡುವುದಿಲ್ಲ. ಓದುವಾಗ ನನಗೆ ಕಸಿವಿಸಿಯಾಯಿತು, ಪುಸ್ತಕ ಮುಚ್ಚಿಟ್ಟು ಎದ್ದು ಹೋದದ್ದೂ ಉಂಟು. ಆದರೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಧೈರ್ಯದ ಪುಟ ಇನ್ನೊಂದಿಲ್ಲ. ನೊಂದ ಮಕ್ಕಳು ಮುದುಕರಾಗುವ ತನಕ ಎದೆಯಲ್ಲಿ ಹೊತ್ತು ತಿರುಗುವ ಅಪರಾಧಭಾವ ಹುಟ್ಟುವುದು ಇಲ್ಲಿಯೇ. ‘ನನಗೆ ಅವರ ಪ್ರೀತಿ ಬೇಕಿತ್ತಲ್ಲ, ಹಾಗಾದರೆ ತಪ್ಪು ನನ್ನದೂ ಇರಬೇಕು’ ಎಂಬ ಲೆಕ್ಕ. ಪ್ರೀತಿ ಬೇಡುವುದು ಮಗುವಿನ ಹಕ್ಕು, ಅದನ್ನು ದುರುಪಯೋಗ ಮಾಡಿದ್ದು ದೊಡ್ಡವನ ಪಾಪ ಎಂಬುದನ್ನು ಏಂಜೆಲೋ ಉಪದೇಶವಾಗಿ ಹೇಳುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತಾರೆ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಓದುಗರಿಗೇ ಕಾಣುತ್ತದೆ.

ಮುಂದೆ ಹುಡುಗಿ ಕಾಯಿಲೆ ಬೀಳುತ್ತಾಳೆ, ಬಚ್ಚಿಟ್ಟ ಬಟ್ಟೆ ಸಿಗುತ್ತದೆ, ಆಸ್ಪತ್ರೆಯಲ್ಲಿ ಅಣ್ಣನ ಬಳಿ ಬಾಯಿಬಿಡುತ್ತಾಳೆ. ಕೇಳಿಸಿಕೊಂಡ ಆ ಒಂಬತ್ತು ವರ್ಷದ ಹುಡುಗ ಅತ್ತುಬಿಡುತ್ತಾನೆ. ಆಮೇಲೆ ನ್ಯಾಯಾಲಯ. ಆರೋಪಿಯ ವಕೀಲ ಕೇಳುತ್ತಾನೆ: ಇದಕ್ಕೆ ಮುಂಚೆ ಇವರು ನಿನ್ನನ್ನು ಮುಟ್ಟಿದ್ದರೇ? ಹೌದು ಎಂದರೆ ಮೊದಲ ಸಲದ ಆ ಅಪ್ಪುಗೆಯನ್ನೂ ಹೇಳಬೇಕಾಗುತ್ತದೆ. ಅಜ್ಜಿ, ಅಮ್ಮ, ಸೋದರಮಾವಂದಿರು ಎಲ್ಲರೂ ಎದುರಿಗಿದ್ದಾರೆ. ಹುಡುಗಿ ಇಲ್ಲ ಎನ್ನುತ್ತಾಳೆ. ದೊಡ್ಡವರು ತುಂಬಿದ ಸಭೆಯಲ್ಲಿ ಒಂದು ಮಗುವನ್ನು ಒಂಟಿಯಾಗಿ ನಿಲ್ಲಿಸಿ ಕೇಳಿದ ಪ್ರಶ್ನೆಗೆ ಬಂದ ಉತ್ತರ ಅದು.

ಫ್ರೀಮನ್‌ಗೆ ಒಂದು ವರ್ಷ ಒಂದು ದಿನದ ಶಿಕ್ಷೆಯಾಗುತ್ತದೆ. ಆದರೆ ಅವನ ವಕೀಲ ಅಂದೇ ಅವನನ್ನು ಬಿಡಿಸಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಪೊಲೀಸಿನವನೊಬ್ಬ ಮನೆಗೆ ಬಂದು, ಅವನು ಹೆಣವಾಗಿ ಸಿಕ್ಕಿದ್ದಾನೆ, ಯಾರೋ ಒದ್ದು ಕೊಂದಂತಿದೆ ಎಂದು ಹೇಳಿ ಹೋಗುತ್ತಾನೆ. ಕೊಂದವರು ಯಾರೆಂದು ಪುಸ್ತಕ ಬಿಡಿಸಿ ಹೇಳುವುದಿಲ್ಲ. ಓದುಗರ ಊಹೆ ಸೋದರಮಾವಂದಿರ ಕಡೆಗೆ ಹೋಗುತ್ತದೆ. ನಮ್ಮ ಸಿನಿಮಾಗಳಲ್ಲಾಗಿದ್ದರೆ ಇದೇ ಕ್ಲೈಮ್ಯಾಕ್ಸ್. ತಂಗಿಯ ಮಾನಕ್ಕಾಗಿ ಅಣ್ಣನೋ ಮಾವನೋ ದುಷ್ಟನನ್ನು ಮುಗಿಸುತ್ತಾನೆ, ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ಅಷ್ಟರಲ್ಲಿ ಆ ತಂಗಿ ಕಥೆಯಿಂದ ಮಾಯವಾಗಿರುತ್ತಾಳೆ. ಆಕೆ ಮುಂದೆ ಏನಾದಳೆಂದು ಯಾರೂ ಕೇಳುವುದಿಲ್ಲ.

ಏಂಜೆಲೋ ಪುಸ್ತಕದ ಹೆಚ್ಚುಗಾರಿಕೆ ಇರುವುದು, ಸಿನಿಮಾ ಮುಗಿಯುವ ಈ ಜಾಗದಲ್ಲಿ ಅದು ನಿಲ್ಲದಿರುವುದರಲ್ಲಿ. ಆ ಸಾವಿನ ಸುದ್ದಿ ಮಗುವಿಗೆ ನ್ಯಾಯವಾಗಿ ಕೇಳಿಸಲಿಲ್ಲ. ‘ನಾನು ಸುಳ್ಳು ಹೇಳಿದೆ, ಒಬ್ಬ ಮನುಷ್ಯ ಸತ್ತ. ನನ್ನ ಮಾತಿನಲ್ಲಿ ವಿಷವಿದೆ. ಇನ್ನು ಮಾತಾಡಿದರೆ ಇನ್ಯಾರು ಸಾಯುತ್ತಾರೋ’ ಎಂದು ಆಕೆ ತೀರ್ಮಾನಿಸಿದಳು. ಅಣ್ಣನೊಬ್ಬನನ್ನು ಬಿಟ್ಟು ಎಲ್ಲರ ಜೊತೆ ಮಾತು ನಿಲ್ಲಿಸಿದಳು. ಆ ಮೌನ ಸುಮಾರು ಐದು ವರ್ಷ ನಡೆಯಿತೆಂದು ಲೇಖಕಿ ಮುಂದೆ ಹೇಳಿಕೊಂಡಿದ್ದಾರೆ. ಮನೆಯವರು ಮೊದಮೊದಲು ಸಹಿಸಿದರು. ಆಮೇಲೆ ಅದನ್ನು ಹಟ ಎಂದರು, ಸೊಕ್ಕು ಎಂದರು, ಹೊಡೆದರು. ಕೊನೆಗೆ ಮಕ್ಕಳನ್ನು ಮತ್ತೆ ಸ್ಟ್ಯಾಂಪ್ಸ್‌ಗೆ ಕಳಿಸಿದರು. ಗಂಡಸರ ಶೌರ್ಯದಿಂದ ಹುಡುಗಿಗೆ ಸಿಕ್ಕಿದ್ದು ಏನೂ ಇಲ್ಲ. ಅವಳ ದನಿಯೂ ಹೋಯಿತು.

ಈ ಮೌನವನ್ನು ಬರೀ ಆಘಾತ ಎಂದು ಓದಿದರೆ ಅರ್ಧ ಓದಿದಂತೆ. ಎಂಟು ವರ್ಷದ ಮಗು ತನ್ನಿಂದ ಇನ್ನೊಬ್ಬರಿಗೆ ಕೇಡಾಗಬಾರದೆಂದು ತನ್ನ ಅತ್ಯಂತ ದೊಡ್ಡ ಆಸ್ತಿಯನ್ನು ಬಿಟ್ಟುಕೊಟ್ಟಿತು. ಅದರ ತರ್ಕ ತಪ್ಪು. ಅಂಥ ತರ್ಕಕ್ಕೆ ಮಗುವನ್ನು ತಳ್ಳಿದ ದೊಡ್ಡವರ ತಪ್ಪು ಇನ್ನೂ ದೊಡ್ಡದು. ಆದರೆ ಆ ತ್ಯಾಗದ ಹಿಂದಿನ ಮನಸ್ಸು ಸಣ್ಣದಲ್ಲ. ನಮ್ಮ ಪುರಾಣದ ಅಹಲ್ಯೆ ಶಾಪದಿಂದ ಕಲ್ಲಾದಳು, ಅವಳನ್ನು ಎಬ್ಬಿಸಲು ಒಬ್ಬ ನಾಯಕನ ಪಾದ ಬೇಕಾಯಿತು. ಇಲ್ಲಿ ಹುಡುಗಿ ತಾನಾಗಿ ಕಲ್ಲಾದಳು. ಅವಳನ್ನು ಎಬ್ಬಿಸಿದ್ದು ನೆರೆಹೊರೆಯ ಒಬ್ಬ ಹೆಂಗಸು.

ಅವರು ಮಿಸ್ಸಿಸ್ ಬರ್ತಾ ಫ್ಲವರ್ಸ್. ಸ್ಟ್ಯಾಂಪ್ಸ್‌ನ ಕಪ್ಪು ಜನರ ಕೇರಿಯಲ್ಲಿ ಓದು, ನಡೆನುಡಿ, ಉಡುಪು ಎಲ್ಲದರಲ್ಲೂ ಒಂದು ಘನತೆ ಉಳಿಸಿಕೊಂಡಿದ್ದವರು. ಅವರು ಹುಡುಗಿಯನ್ನು ಮನೆಗೆ ಕರೆದು, ಅವಳಿಗಾಗಿಯೇ ಮಾಡಿದ ಬಿಸ್ಕತ್ತು, ನಿಂಬೆಯ ಪಾನಕ ಕೊಟ್ಟು ಕೂರಿಸುತ್ತಾರೆ. ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಕೇಳಿಸುತ್ತಾರೆ. ಪುಸ್ತಕಗಳನ್ನು ಕೊಟ್ಟು ಕಳಿಸಿ, ದನಿಯೆತ್ತಿ ಓದಬೇಕು, ಒಂದು ಪದ್ಯ ಬಾಯಿಪಾಠ ಮಾಡಿಕೊಂಡು ಬರಬೇಕು ಎನ್ನುತ್ತಾರೆ. ಗಮನಿಸಬೇಕಾದ್ದು, ಏನಾಯಿತು ಹೇಳು ಎಂದು ಅವರು ಕೆದಕಲಿಲ್ಲ. ಯಾಕೆ ಮಾತಾಡುವುದಿಲ್ಲ ಎಂದು ಗದರಲೂ ಇಲ್ಲ. ಮಾತಿನಲ್ಲಿ ವಿಷವಿದೆ ಎಂದು ನಂಬಿದ್ದ ಮಗುವಿಗೆ, ಮಾತಿನಲ್ಲಿ ಬೇರೇನೆಲ್ಲ ಇದೆ ಎಂದು ಕೇಳಿಸಿದರು. ಪಾಠ ಹೇಳುವ ಕೆಲಸದಲ್ಲಿ ಮೂವತ್ತು ವರ್ಷ ಹತ್ತಿರವಾದ ನನಗೆ ಬೋಧನೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಅಧ್ಯಾಯ ಓದಿದ ನೆನಪಿಲ್ಲ. ಬಿ.ಎಡ್.ನಲ್ಲಿ ಇಷ್ಟನ್ನು ಯಾರೂ ಕಲಿಸಿರಲಿಲ್ಲ.

ಪುಸ್ತಕದಲ್ಲಿ ಕೊರತೆಗಳಿಲ್ಲವೆಂದಲ್ಲ. ಮೌನ ಎಷ್ಟು ಕಾಲ ಇತ್ತು, ಎಂದು ಮುರಿಯಿತು ಎಂಬುದು ಪುಸ್ತಕದೊಳಗೆ ಮಸುಕಾಗಿದೆ. ಮಿಸ್ಸಿಸ್ ಫ್ಲವರ್ಸ್ ಅಧ್ಯಾಯವನ್ನು ಓದಿದವರಿಗೆ ಒಂದು ಮಧ್ಯಾಹ್ನದ ಉಪಚಾರದಿಂದ ಎಲ್ಲ ಸರಿಹೋಯಿತೇನೋ ಎನಿಸೀತು. ಗಾಯಗಳು ಹಾಗೆ ಮಾಯುವುದಿಲ್ಲ. ಆ ನಂತರದ ಅಧ್ಯಾಯಗಳಲ್ಲಿ ಲೇಖಕಿ ನಡೆದದ್ದರ ಮಾತನ್ನೇ ಹೆಚ್ಚು ಎತ್ತುವುದಿಲ್ಲ, ಚರ್ಚಿನ ತಮಾಷೆ, ಶಾಲೆಯ ಸಮಾರಂಭ, ಬಿಳಿಯರ ದರ್ಪ ಇವುಗಳ ಕಡೆ ಹೊರಳುತ್ತಾರೆ ಎಂಬ ಆಕ್ಷೇಪವೂ ಏಳಬಹುದು. ಈ ಎರಡನೆಯದನ್ನು ನಾನು ದೋಷವೆನ್ನಲಾರೆ. ಒಂದು ಬದುಕಿನ ತುಂಬ ಅದೊಂದೇ ಘಟನೆ ಇರುವುದಿಲ್ಲ. ಆ ಹುಡುಗಿ ನಕ್ಕಳು, ಕದ್ದು ಪುಸ್ತಕ ಓದಿದಳು, ಯುದ್ಧಕಾಲದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಪ್ಪು ಜನರಿಗೆ ಕೆಲಸವಿಲ್ಲವೆಂದ ಟ್ರಾಮ್ ಕಂಪನಿಯ ಕಚೇರಿಗೆ ಪಟ್ಟುಹಿಡಿದು ಅಲೆದು ಕಂಡಕ್ಟರ್ ಆದಳು. ಇಷ್ಟೆಲ್ಲ ಆದವಳನ್ನು ಆ ಒಂದು ಕೋಣೆಯಲ್ಲೇ ಕೂಡಿಹಾಕುವ ಹಕ್ಕು ಓದುಗರಿಗೂ ಇಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ಈ ಪುಸ್ತಕದ ಮಾತು ಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಅದೆಲ್ಲ ಆ ದೇಶದ ಕಥೆ ಬಿಡಿ ಮೇಡಂ. ಆಗಿದ್ದು ಆಗಿಹೋಯಿತು, ಬರೆದು ಊರಿಗೆಲ್ಲ ಹೇಳಿ ಏನು ಬಂತು?” ಎಂದರು. ಅವರೊಬ್ಬರದೇ ಮಾತಲ್ಲ ಇದು. ಅಮೆರಿಕದಲ್ಲೂ ಈ ಪುಸ್ತಕವನ್ನು ಶಾಲೆಗಳಿಂದ, ಗ್ರಂಥಾಲಯಗಳಿಂದ ತೆಗೆಸಬೇಕೆಂದು ಪೋಷಕರು ಮತ್ತೆ ಮತ್ತೆ ಒತ್ತಾಯಿಸಿದ್ದಾರೆ. ಆದರೆ ಇದು ಆ ದೇಶದ ಕಥೆ ಮಾತ್ರವಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದವರು ಶೇಕಡಾ 53.22. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳೇ. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಕ್ಕಳಿಗೆ ಪರಿಚಿತರು, ಮಕ್ಕಳು ನಂಬಿದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಬರೆದು ಏನು ಬಂತು ಎಂಬ ಪ್ರಶ್ನೆಗೆ ಉತ್ತರ ಆ ಕೊನೆಯ ವಾಕ್ಯದಲ್ಲಿದೆ. ಹೇಳದೆ ಉಳಿದವರಿಗೆ, ತಮಗೊಬ್ಬರಿಗೇ ಹೀಗಾಗಿಲ್ಲ ಎಂದು ತಿಳಿಯುವುದು ಇಂಥ ಪುಸ್ತಕಗಳಿಂದ.

ಈಗ ನಾಯಕಿಯ ಮಾತಿಗೆ ಬರೋಣ. ನಮ್ಮಲ್ಲಿ ನೊಂದ ಹೆಣ್ಣನ್ನು ಹೊಗಳುವುದಿಲ್ಲವೆಂದಲ್ಲ, ಚೆನ್ನಾಗಿಯೇ ಹೊಗಳುತ್ತೇವೆ. ‘ಎಷ್ಟು ಸಹಿಸಿಕೊಂಡಳು, ಒಂದು ಮಾತು ಹೊರಗೆ ಬಿಡಲಿಲ್ಲ’ ಎನ್ನುತ್ತೇವೆ. ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಮುಳ್ಳಿಗೆ ಹೇಳುವ ಗಾದೆ ಯಾವುದೂ ನನಗೆ ಗೊತ್ತಿಲ್ಲ. ಸಹನೆಯ ಈ ಹೊಗಳಿಕೆಯಿಂದ ಅನುಕೂಲವಾಗುವುದು ನೋವು ಕೊಟ್ಟವನಿಗೆ. ಆದ್ದರಿಂದ ಸಹಿಸಿದ್ದಕ್ಕಾಗಿ ಆಕೆಯನ್ನು ನಾಯಕಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಪ್ರಸಿದ್ಧಳಾದದ್ದಕ್ಕೂ ಅಲ್ಲ. ಏಂಜೆಲೋ 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಪದಗ್ರಹಣದಲ್ಲಿ ಇಡೀ ದೇಶದೆದುರು ನಿಂತು ತಮ್ಮ ಕವಿತೆ ಓದಿದರು. ಮಾತು ಬಿಟ್ಟಿದ್ದ ಹುಡುಗಿಗೆ ಅದು ದೊಡ್ಡ ಗೌರವವೇ. ಆದರೆ ಅಷ್ಟೆತ್ತರ ಏರದಿದ್ದರೆ ಆಕೆ ನಾಯಕಿಯಲ್ಲವೇ?

ನನ್ನ ಉತ್ತರ ಈ ಪುಸ್ತಕದ ಕೊನೆಯ ಪುಟದಲ್ಲಿದೆ. ಪುಸ್ತಕ ಮುಗಿಯುವುದು ಪದವಿಯಿಂದಲ್ಲ, ಪ್ರಶಸ್ತಿಯಿಂದಲ್ಲ. ಹದಿನೇಳರ ಹುಡುಗಿ, ಮದುವೆಯಾಗದೆ ತಾಯಿಯಾಗಿದ್ದಾಳೆ. ಮಗುವನ್ನು ಮುಟ್ಟಲು ಅವಳಿಗೆ ಭಯ. ಒಂದು ರಾತ್ರಿ ಅವಳ ತಾಯಿ ಕೂಸನ್ನು ತಂದು ಅವಳ ಪಕ್ಕದಲ್ಲೇ ಮಲಗಿಸುತ್ತಾಳೆ. ನಿದ್ದೆಯಲ್ಲಿ ಎಲ್ಲಿ ಅದರ ಮೇಲೆ ಹೊರಳಿಬಿಡುತ್ತೇನೋ ಎಂದು ಹುಡುಗಿ ಹೆದರುತ್ತಾಳೆ. ನಿದ್ದೆ ಬಂದುಬಿಡುತ್ತದೆ. ತಾಯಿ ಎಬ್ಬಿಸಿ ತೋರಿಸಿದಾಗ, ಅವಳ ತೋಳು ತಾನಾಗಿ ಮಡಚಿ ಹೊದಿಕೆಯ ಕೆಳಗೆ ಒಂದು ಗೂಡಾಗಿದೆ. ಕೂಸು ಅದರೊಳಗೆ ಹಾಯಾಗಿ ಮಲಗಿದೆ.

ಬಹಳ ಓದುಗರು ಇದನ್ನು ತಾಯ್ತನದ ಮೆಚ್ಚುಗೆ ಎಂದು ಓದಿ ಪುಸ್ತಕ ಮುಚ್ಚುತ್ತಾರೆ. ಹಿಂದಿನ ಅಧ್ಯಾಯಗಳನ್ನು ನೆನಪಿಟ್ಟು ಓದಿದರೆ ಬೇರೆಯೇ ಕಾಣುತ್ತದೆ. ದೊಡ್ಡವರ ಮೈ ಮಕ್ಕಳಿಗೆ ಏನು ಮಾಡಬಲ್ಲದೆಂದು ಇವಳಿಗೆ ಗೊತ್ತು. ತನ್ನ ಮಾತಿನಿಂದ ಒಬ್ಬ ಸತ್ತನೆಂದು ನಂಬಿ ಬೆಳೆದವಳು. ಈಗ ತಾನೇ ದೊಡ್ಡವಳು, ಪಕ್ಕದಲ್ಲಿ ತೀರಾ ಸಣ್ಣ ಜೀವ. ತನ್ನ ಮೈಯಿಂದ ಕೇಡಾದರೆ ಎಂಬುದು ಅವಳ ಭಯ. ಅದೇ ಮೈ, ಅವಳಿಗೂ ತಿಳಿಯದೆ, ಕಾವಲು ನಿಂತಿತು. ನೋವುಂಡವರು ನೋವು ಕೊಡುವವರೇ ಆಗುತ್ತಾರೆ ಎಂದು ಜನ ಸಲೀಸಾಗಿ ಆಡುತ್ತಾರೆ. ಅದು ನೊಂದವರ ಮೇಲೆ ಹೊರಿಸುವ ಇನ್ನೊಂದು ಸುಳ್ಳು. ನೊಂದವರಲ್ಲಿ ಬಹುಪಾಲು ಜನ ಯಾರಿಗೂ ಹಾಗೆ ಮಾಡುವುದಿಲ್ಲ. ಆದರೆ ಆ ಭಯವನ್ನು ಹೊತ್ತು ಬದುಕುವವರು ಎಷ್ಟೋ ಮಂದಿ. ಆ ಭಯದ ನಡುವೆಯೂ ಮಕ್ಕಳನ್ನು ಎತ್ತಿಕೊಂಡು, ತುತ್ತಿಟ್ಟು, ಹೆದರಿಸದೆ ಬೆಳೆಸುವುದು, ನೋವು ತನ್ನಲ್ಲಿಗೇ ನಿಲ್ಲುವಂತೆ ಮಾಡುವುದು ನನ್ನ ಪ್ರಕಾರ ಧೀರತನ.

ನಾಟ್ಯಶಾಸ್ತ್ರ ವೀರರಸದಲ್ಲಿ ಮೂರು ಬಗೆ ಹೇಳಿತು: ದಾನವೀರ, ಧರ್ಮವೀರ, ಯುದ್ಧವೀರ. ಸಾಹಿತ್ಯದರ್ಪಣ ಬರೆದ ವಿಶ್ವನಾಥ ದಯಾವೀರನನ್ನೂ ಸೇರಿಸಿ ನಾಲ್ಕು ಮಾಡಿದ. ಶಾಸ್ತ್ರ ಬರೆದವರಿಗೇ ಪಟ್ಟಿ ಬೆಳೆಸುವ ಉದಾರತೆ ಇದ್ದಾಗ ನಾವು ಐದನೆಯದನ್ನು ಸೇರಿಸಲು ಹಿಂಜರಿಯಬೇಕಾಗಿಲ್ಲ. ನಾಯಕ ಎಂಬ ಪದದ ಮೂಲ ಅರ್ಥ ಕರೆದೊಯ್ಯುವವನು ಎಂದು. ಈ ಹುಡುಗಿಯೂ ಕರೆದೊಯ್ಯುತ್ತಾಳೆ: ತನ್ನ ಮಗುವನ್ನು ತಾನು ಹಾದುಬಂದ ಕತ್ತಲೆಯಿಂದ ಆಚೆಗೆ, ಓದುವವರನ್ನು ಹೊರಲಾರದ ಅಪರಾಧಭಾವದಿಂದ ಆಚೆಗೆ.

ಒಂದು ಎಚ್ಚರಿಕೆ ಬೇಕು. ನಾಯಕಿ ಎಂಬ ಬಿರುದೂ ಹೊರೆಯಾಗಬಹುದು. ಬರೆಯದವರು, ಯಾರೆದುರೂ ಬಾಯಿಬಿಡದವರು, ಇಂದಿಗೂ ರಾತ್ರಿ ದೀಪ ಆರಿಸದೆ ಮಲಗುವವರು ಕಡಿಮೆಯವರಲ್ಲ. ಹೇಳುವುದು, ಹೇಳದಿರುವುದು ಅವರವರ ಹಕ್ಕು. ನಾಯಕಿ ಎಂದಮೇಲೆ ಅಳಬಾರದು, ಸೋಲಬಾರದು ಎಂದು ಅವರಿಂದ ಬಯಸುವುದೂ ಕ್ರೌರ್ಯವೇ. ಏಂಜೆಲೋ ಒಂದೇ ಪುಸ್ತಕಕ್ಕೆ ನಿಲ್ಲಿಸದೆ ಏಳು ಆತ್ಮಕಥೆಗಳನ್ನು ಬರೆದರು. 2014ರಲ್ಲಿ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ ಬಂದ ಕೊನೆಯದು ತಾಯಿಯ ಬಗ್ಗೆಯೇ. ತಮ್ಮ ಮುಗ್ಗರಿಕೆಗಳನ್ನು ಅವರು ಅವುಗಳಲ್ಲಿ ಮುಚ್ಚಿಡಲಿಲ್ಲ. ನಾಯಕಿಗೂ ಬೀಳುವ ಸ್ವಾತಂತ್ರ್ಯ ಇರಬೇಕು.

ಇನ್ನೊಂದು ಎಚ್ಚರಿಕೆ ನಮಗೆ, ಅಂದರೆ ಆ ಮಕ್ಕಳ ಸುತ್ತ ಇರುವ ಅಮ್ಮಂದಿರು, ಅಜ್ಜಿಯರು, ಟೀಚರುಗಳಿಗೆ. ಮಗುವನ್ನು ನಾಯಕಿ ಎಂದು ಹಾರ ಹಾಕಿದರೆ ನಮ್ಮ ಹೊಣೆ ಮುಗಿಯುವುದಿಲ್ಲ. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯಿದೆ ಬಂದಮೇಲೆ, ಇಂಥದು ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು ಅಪರಾಧ. ವಿಚಾರಣೆ ಗುಟ್ಟಾಗಿ ನಡೆಯಬೇಕು, ಮಗುವಿಗೆ ಆರೋಪಿಯ ಮುಖ ಕಾಣದಂತೆ ನೋಡಿಕೊಳ್ಳಬೇಕು, ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು ಎಂದು ಆ ಕಾಯಿದೆ ಹೇಳುತ್ತದೆ. ಎಂಟು ವರ್ಷದ ಆ ಹುಡುಗಿಗೆ ಇಷ್ಟು ಸಿಕ್ಕಿದ್ದರೆ ಅವಳ ಉತ್ತರ ಬೇರೆಯಾಗುತ್ತಿತ್ತೇನೋ. 1098ಕ್ಕೆ ಫೋನ್ ಮಾಡಿದರೆ ಮಕ್ಕಳಿಗೆ ನೆರವು ಸಿಗುತ್ತದೆ ಎಂಬುದನ್ನು ಮಗ್ಗಿಯ ಜೊತೆಗೇ ಹೇಳಿಕೊಡಬಹುದು.

ಕಾನೂನಿಗಿಂತ ಮೊದಲು ಬೇಕಾದದ್ದು ಕೇಳುವ ಕಿವಿ. ತರಗತಿಯಲ್ಲಿ ಚುರುಕಾಗಿದ್ದ ಹುಡುಗಿ ಇದ್ದಕ್ಕಿದ್ದಂತೆ ಮೌನವಾದರೆ ಸೊಕ್ಕು ಎನ್ನುವ ಮುಂಚೆ ಹತ್ತಿರ ಕೂರಿಸಿಕೊಳ್ಳೋಣ. ಮಗು ಹೇಳಿದಾಗ ‘ನಿನ್ನ ಮಾತು ನಂಬುತ್ತೇನೆ, ನಿನ್ನ ತಪ್ಪಿಲ್ಲ’ ಎಂಬೆರಡು ಮಾತು ಮೊದಲು ಬರಲಿ. ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಈ ಪುಸ್ತಕವನ್ನು ಅವರ ಕೈಗೆ ಕೊಟ್ಟು, ನೀವೂ ಜೊತೆಗೆ ಕುಳಿತು ಓದಿ. ಕಷ್ಟದ ಅಧ್ಯಾಯ ಬಂದಾಗ ಎದ್ದು ಒಳಗೆ ಹೋಗಬೇಡಿ.